ಹಳೆಯ ಪದ್ಮಿನಿಯ ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ, ಎಂ-ಸೀಲ್ ಹಚ್ಚಿದರೆ ಸಾಕೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಲಕ್ಷಣ ಹೇಳಿದ್ದೀರಿ: 1986ರ ಪ್ರೀಮಿಯರ್ ಪದ್ಮಿನಿಗೆ ಫುಲ್ ಟ್ಯಾಂಕ್ ಹಾಕಿಸಿದ ದಿನ ಡಿಕ್ಕಿಯಲ್ಲಿ ಘಾಟು, ಟ್ಯಾಂಕ್ ಅರ್ಧಕ್ಕೆ ಇಳಿದ ಮೇಲೂ ನೆಲದಲ್ಲಿ ಹನಿ. ಇವು ಎರಡು ಬೇರೆ ಬೇರೆ ಸೋರಿಕೆ ಇರಬಹುದು. ಎಂ-ಸೀಲ್ ಹಚ್ಚುವ ಮುಂಚೆ ಎಲ್ಲಿಂದ ಸೋರುತ್ತಿದೆ ಎಂದು ನೋಡಿಕೊಳ್ಳಿ.

ತುಂಬಿದಾಗ ಮಾತ್ರ ಬರುವ ವಾಸನೆ ಸಾಮಾನ್ಯವಾಗಿ ಮೇಲಿನ ಭಾಗದ್ದು. ಫ್ಲೋಟ್ ಯೂನಿಟ್ (ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಕೆಳಗಿನ ಕಾರ್ಕ್ ಗ್ಯಾಸ್ಕೆಟ್ ಒಣಗಿ ಕುಗ್ಗಿರುತ್ತದೆ, ಇಲ್ಲವೇ ಪೆಟ್ರೋಲ್ ಹಾಕುವ ಬಾಯಿಯ ರಬ್ಬರ್ ಸೀಳಿರುತ್ತದೆ. ಸದಾ ಹನಿಯುವುದು ತಳದ್ದು: ಪೈಪಿನ ಯೂನಿಯನ್ (ಟ್ಯಾಂಕಿಗೆ ಪೈಪ್ ಸೇರಿಸುವ ಜೋಡಣೆ), ಎರಡು ತಗಡು ಸೇರುವ ಅಂಚು, ಅಥವಾ ತುಕ್ಕಿನ ಸೂಜಿತೂತು. ತಳವನ್ನು ಒರೆಸಿ ಒಣಗಿಸಿ, ಸೀಮೆಸುಣ್ಣದ ಪುಡಿ ಸವರಿ. ಅರ್ಧ ಗಂಟೆಯಲ್ಲಿ ಒದ್ದೆಯ ಗೆರೆ ಕಾಣುತ್ತದೆ. ಗೆರೆ ಶುರುವಾದ ಜಾಗವೇ ಸೋರಿಕೆ, ಹನಿ ಬೀಳುವ ಜಾಗವಲ್ಲ. ಪೆಟ್ರೋಲ್ ತಗಡಿನ ಮೇಲೆ ಹರಿದು ಎಲ್ಲೋ ಹೋಗಿ ತೊಟ್ಟಿಕ್ಕುತ್ತದೆ, ಹಾಗಾಗಿ ಎಷ್ಟೋ ಜನ ತಪ್ಪು ಜಾಗಕ್ಕೆ ತೇಪೆ ಹಾಕುತ್ತಾರೆ.

ಮೇಲಿನ ಸೋರಿಕೆಯ ಕೆಲಸ ಸುಲಭ. ಹೊಸ ಗ್ಯಾಸ್ಕೆಟ್ ವಿಟಾನ್ ರಬ್ಬರಿನದಾಗಿರಲಿ, ಎಥನಾಲ್ ಇರುವ ಪೆಟ್ರೋಲಿಗೆ ಅದು ತಡೆಯುತ್ತದೆ. ಸಿಲಿಕೋನ್ ಪೇಸ್ಟ್ ಬೇಡ, ಪೆಟ್ರೋಲಿಗೆ ಉಬ್ಬಿ ಕಿತ್ತುಬರುತ್ತದೆ. ಯೂನಿಯನ್‌ಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಕೂಡ ಬೇಡ. ಅದರ ಚೂರು ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ತಳದ ತೂತಿಗೆ ಎಂ-ಸೀಲ್ ತಾತ್ಕಾಲಿಕ ಮಾತ್ರ. ಒಳಗಿಂದ ಜಿನುಗುವ ಪೆಟ್ರೋಲ್ ಅದನ್ನು ಹಿಡಿದುಕೊಳ್ಳಲು ಬಿಡುವುದಿಲ್ಲ. ದಾರಿಮಧ್ಯೆ ಸೋರಿದರೆ ಬಟ್ಟೆ ಒಗೆಯುವ ಒಣ ಸೋಪನ್ನು ತೂತಿನ ಮೇಲೆ ಗಟ್ಟಿಯಾಗಿ ತಿಕ್ಕಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಗ್ಯಾರೇಜ್ ತಲುಪುವವರೆಗೆ ತಡೆಯುತ್ತದೆ. ಆದರೆ ಸೂಜಿತೂತು ಒಳಗಿನ ತುಕ್ಕಿನಿಂದ ಆಗಿರುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳದಲ್ಲಿ ಕೂತು ತಗಡನ್ನು ತಿನ್ನುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಕಾರು ತಿಂಗಳುಗಟ್ಟಲೆ ನಿಂತರೆ ನೀರು ಬೆರೆತ ಎಥನಾಲ್ ಬೇರೆಯಾಗಿ ಕೆಳಗಿಳಿಯುತ್ತದೆ. ಒಂದು ತೂತು ಕಂಡಿತೆಂದರೆ ಅಕ್ಕಪಕ್ಕದ ತಗಡೂ ತೆಳ್ಳಗಾಗಿದೆ ಎಂದೇ ತಿಳಿಯಿರಿ.

ಆದ್ದರಿಂದ ಟ್ಯಾಂಕ್ ಬಿಚ್ಚಲೇಬೇಕು. ದಯವಿಟ್ಟು ಈ ಭಾಗ ಎರಡು ಸಲ ಓದಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ 7.6ರಷ್ಟಿದ್ದರೆ ಕಿಡಿಗೆ ಸ್ಫೋಟಿಸುತ್ತದೆ, ಖಾಲಿ ಟ್ಯಾಂಕಿನೊಳಗೆ ಈ ಪ್ರಮಾಣ ಸುಲಭವಾಗಿ ಸಿಗುತ್ತದೆ. ಆವಿ ಗಾಳಿಗಿಂತ ಭಾರ, ಗ್ಯಾರೇಜಿನ ಪಿಟ್‌ನಲ್ಲಿ ನಿಲ್ಲುತ್ತದೆ. ಕೆಲಸ ಬಯಲಿನಲ್ಲಿ ನಡೆಯಲಿ, ಬ್ಯಾಟರಿಯ ನೆಗೆಟಿವ್ ವೈರ್ ಮೊದಲೇ ಕಳಚಿ. ಪೆಟ್ರೋಲನ್ನು ಬಾಯಿಂದ ಎಳೆಯದೆ ಕೈಪಂಪಿನಿಂದ ಲೋಹದ ಕ್ಯಾನಿಗೆ ತೆಗೆಯಿರಿ, ಕ್ಯಾನಿಗೂ ಟ್ಯಾಂಕಿಗೂ ಒಂದು ವೈರ್ ಜೋಡಿಸಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ಥಾಯಿ ವಿದ್ಯುತ್ತಿನ ಕಿಡಿ ಹಾರಬಹುದು.

ಬಿಚ್ಚಿದ ಮೇಲೆ ಸೋಪುಪುಡಿ ಹಾಕಿದ ಬಿಸಿನೀರಿನಿಂದ ಮೂರು ನಾಲ್ಕು ಸಲ ತೊಳೆಯಿರಿ. ನಂತರ ತುಕ್ಕು. ಒಂದು ಮೀಟರ್ ತೆಳು ಸರಪಳಿಯನ್ನು ಸ್ವಲ್ಪ ನೀರಿನ ಜೊತೆ ಒಳಗೆ ಹಾಕಿ, ಎಲ್ಲ ಮಗ್ಗುಲಿಗೂ ಕುಲುಕಿ. ನಟ್ಟುಗಳಿಗಿಂತ ಸರಪಳಿ ಮೇಲು, ಎಳೆದರೆ ಒಟ್ಟಿಗೆ ಹೊರಬರುತ್ತದೆ. ಪುಡಿ ತುಕ್ಕು ಹೊರಟ ಮೇಲೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್): ಲೀಟರ್ ನೀರಿಗೆ 50 ಗ್ರಾಂ, ಅಂದರೆ ಸುಮಾರು 40 ಲೀಟರಿನ ಟ್ಯಾಂಕಿಗೆ 2 ಕೆ.ಜಿ. ಬಾಯಿಯವರೆಗೆ ತುಂಬಿಸಿ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ನೀರಿನಿಂದ ತೊಳೆದು ಕೂಡಲೇ ಒಣಗಿಸಿ. ತಡಮಾಡಿದರೆ ಬರಿಯ ಉಕ್ಕಿಗೆ ಗಂಟೆಯೊಳಗೆ ಕೆಂಪು ಹಿಡಿಯುತ್ತದೆ. ತುಕ್ಕು ಹೋದ ಮೇಲೆ ತೂತುಗಳು ಹೆಚ್ಚಾಗಿ ಕಾಣುತ್ತವೆ, ಗಾಬರಿ ಬೇಡ. ಅಲ್ಲಿಯವರೆಗೆ ಅವನ್ನು ಮುಚ್ಚಿಕೊಂಡಿದ್ದದ್ದು ತುಕ್ಕೇ.

ಬೆಸುಗೆಯನ್ನು (ಸೋಲ್ಡರಿಂಗ್) ರೇಡಿಯೇಟರ್ ಕೆಲಸದವರ ಹತ್ತಿರ ಮಾಡಿಸಿ. ಗ್ಯಾಸ್ ವೆಲ್ಡಿಂಗ್ ಈ ತೆಳು ತಗಡನ್ನು ಇನ್ನಷ್ಟು ಸುಡುತ್ತದೆ. ಸೀಸ–ತವರದ ಬೆಸುಗೆ 183 ಡಿಗ್ರಿಯಿಂದ ಕರಗಲು ಶುರು, ಆದರೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ 350 ಡಿಗ್ರಿ ದಾಟಿರುತ್ತದೆ. ಪೆಟ್ರೋಲ್ ಆವಿ ತಾನಾಗಿ ಹೊತ್ತಿಕೊಳ್ಳಲು ಅಷ್ಟು ಶಾಖ ಸಾಕು. ಜ್ವಾಲೆ ಇಲ್ಲವೆಂದು ಮೈಮರೆಯಬೇಡಿ. ಬರೀ ತೊಳೆದದ್ದೂ ಸಾಲದು, ಅಂಚಿನ ಮಡಿಕೆಯೊಳಗೆ ಅಡಗಿದ ಪೆಟ್ರೋಲ್ ಬಿಸಿಯಾದಾಗ ಹೊರಬರುತ್ತದೆ. ಅರ್ಧ ಗಂಟೆಯಾದರೂ ಹಬೆ ಹಾಯಿಸಿ, ತೂತು ಮೇಲೆ ಬರುವಂತೆ ಮಲಗಿಸಿ, ಎರಡು ಮೂರು ಸೆಂಟಿಮೀಟರ್ ಬಿಟ್ಟು ಉಳಿದ ಜಾಗಕ್ಕೆಲ್ಲ ನೀರು ತುಂಬಿಸಿ, ಗಾಳಿಯ ದಾರಿ ತೆರೆದಿಟ್ಟು ಬೆಸುಗೆ ಹಾಕಬೇಕು. ಇದಕ್ಕೆ ಒಪ್ಪದ ಅಂಗಡಿಗೆ ಟ್ಯಾಂಕ್ ಕೊಡಬೇಡಿ. ಅಕ್ಕಿಕಾಳಿಗಿಂತ ದೊಡ್ಡ ತೂತಿದ್ದರೆ ಬೆಸುಗೆಯಿಂದಲೇ ತುಂಬಿಸದೆ ತಗಡಿನ ತೇಪೆ ಹಾಕಿಸಿ. ಸ್ಕ್ರೂಡ್ರೈವರ್ ತುದಿಗೆ ತಗಡು ಬಗ್ಗುವಷ್ಟು ಸವೆದಿದ್ದರೆ ಆ ತಳವನ್ನೇ ಬದಲಿಸಬೇಕು.

ಪರೀಕ್ಷೆಗೆ ಸೋಪುನೊರೆ ಸಾಕು. ಬಾಯಿಗಳನ್ನೆಲ್ಲ ಮುಚ್ಚಿ ಸೈಕಲ್ ಪಂಪಿನಿಂದ 1 ಪಿಎಸ್‌ಐ ಮಾತ್ರ ಒತ್ತಡ ಕೊಡಿ. ಕಡಿಮೆ ಅನ್ನಿಸಬಹುದು, ಆದರೆ 30×40 ಸೆಂಟಿಮೀಟರ್ ತಗಡಿನ ಮೇಲೆ ಅದು 84 ಕೆ.ಜಿ. ಭಾರ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿದರೆ ಟ್ಯಾಂಕ್ ಉಬ್ಬಿ ಹೊಸ ಸೋರಿಕೆಗಳೇ ಹುಟ್ಟುತ್ತವೆ.

ಒಳಲೇಪನ ಸೂಜಿತೂತುಗಳಿಗೂ ತೆಳುವಾದ ಜಾಗಕ್ಕೂ ಒಳ್ಳೆಯದು, ಬೆಸುಗೆಗೆ ಬದಲಿ ಅಲ್ಲ. ಎಥನಾಲ್ ತಡೆಯುವ ಎರಡು ಭಾಗದ ಎಪಾಕ್ಸಿಯನ್ನೇ ತೆಗೆದುಕೊಳ್ಳಿ. ಈ ಅಳತೆಯ ಟ್ಯಾಂಕಿಗೆ ಸುಮಾರು ಒಂದು ಲೀಟರ್ ಬೇಕಾಗುತ್ತದೆ. ಎಲ್ಲ ಮಗ್ಗುಲಿಗೂ ನಿಧಾನ ಹೊರಳಿಸಿ, ಹೆಚ್ಚಿನದನ್ನು ಪೂರ್ತಿ ಬಸಿಯಿರಿ, ಪೈಪಿನ ಬಾಯಿಗೆ ಗಾಳಿ ಊದಿ ತೆರವು ಮಾಡಿ. ನಾಲ್ಕು ದಿನ ಮುಟ್ಟಬೇಡಿ. ಎಣ್ಣೆ, ತೇವ ಅಥವಾ ಸಡಿಲ ತುಕ್ಕಿನ ಮೇಲೆ ಬಿದ್ದ ಲೇಪನ ವರ್ಷದೊಳಗೇ ಹಾಳೆಹಾಳೆಯಾಗಿ ಎದ್ದು ಕಾರ್ಬುರೇಟರ್ ಜೆಟ್ ಕಟ್ಟಬಹುದು. ಆಗ ಅದನ್ನು ಕೆರೆದು ತೆಗೆಯುವುದು ಮೊದಲಿನ ತುಕ್ಕಿಗಿಂತ ಕಷ್ಟ.

ಮತ್ತೆ ಕೂರಿಸುವಾಗ ಎಥನಾಲ್ ತಡೆಯುವ ಹೊಸ ಹೋಸ್ ಹಾಕಿ, ಮುಚ್ಚಳದ ಗಾಳಿತೂತು ತೆರೆದಿದೆಯೇ ನೋಡಿ. ಅದು ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಪಂಪಿಗೆ ಬಾರದೆ ಎಂಜಿನ್ ಕೈಕೊಡುತ್ತದೆ. ಮೊದಲು ಐದು ಲೀಟರ್ ಮಾತ್ರ ಹಾಕಿ, ಒಂದು ರಾತ್ರಿ ಕೆಳಗೆ ರಟ್ಟು ಹಾಸಿಟ್ಟು ನೋಡಿ. ಪಂಪಿನ ಮುಂಚೆ ಪಾರದರ್ಶಕ ಫಿಲ್ಟರ್ ಹಾಕಿ, 200 ಕಿ.ಮೀ. ಓಡಿಸಿದ ಮೇಲೆ ಬಿಚ್ಚಿ ನೋಡಿ. ಕಂದು ಪುಡಿ ಇದ್ದರೆ ಫಿಲ್ಟರ್ ಬದಲಿಸಿದರೆ ಆಯಿತು. ಲೇಪನದ ಹಾಳೆ ಕಂಡರೆ ಟ್ಯಾಂಕ್ ಮತ್ತೆ ಇಳಿಸಬೇಕು.