ಪ್ರತಿಕ್ರಿಯೆ: ಚಮೊರೊ ಸಂಸ್ಕೃತಿಯಲ್ಲಿ ಉಳಿದಿರುವುದು ಪ್ರವಾಸಿಗರ ನೃತ್ಯ ಮಾತ್ರವಾ?

ಜಾಗತೀಕರಣ ಬಂದು ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಮೂಲನಿವಾಸಿಗಳಾದ ಚಮೊರೊ ಜನರ ಸಂಸ್ಕೃತಿ ಅಳಿಯಿತು, ಈಗ ಉಳಿದಿರುವುದು ಹೋಟೆಲ್ ನೃತ್ಯ ಮಾತ್ರವಾ ಎಂದು ಕೇಳಿದ್ದೀರಿ. ಇಲ್ಲ, ಅಷ್ಟು ಸರಳವಾಗಿಲ್ಲ.

ಮೊದಲಿಗೆ, ಹೊರಗಿನವರ ಪ್ರಭಾವ ಅಲ್ಲಿ ನಿನ್ನೆ ಮೊನ್ನೆಯದಲ್ಲ. ಸ್ಪೇನಿನ ಪಾದ್ರಿಗಳು 1668ರಲ್ಲೇ ಬಂದರು. 1898ರಲ್ಲಿ ದ್ವೀಪ ಅಮೆರಿಕದ ಕೈಸೇರಿತು. ನನ್ನ ಪ್ರಕಾರ ದೊಡ್ಡ ಪೆಟ್ಟು ಬಿದ್ದದ್ದು ಭಾಷೆಗೆ. ಅಮೆರಿಕದ ನೌಕಾಪಡೆಯ ಆಡಳಿತ ಶಾಲೆಗಳಲ್ಲಿ ಚಮೊರೊ ಮಾತಾಡದಂತೆ ತಡೆಯಿತು. ಎರಡನೇ ಮಹಾಯುದ್ಧದ ನಂತರ ಎಷ್ಟೋ ತಂದೆ ತಾಯಿ ಮಕ್ಕಳೊಂದಿಗೆ ಇಂಗ್ಲಿಷ್‌ನಲ್ಲೇ ಮಾತಾಡತೊಡಗಿದರು. ಕೆಲಸ, ಓದು ಎಲ್ಲ ಅದರಲ್ಲೇ ಇತ್ತು ಅಲ್ವಾ? 1974ರಲ್ಲಿ ಚಮೊರೊಗೆ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿತು. ಆದರೆ ಮನೆಯಲ್ಲಿ ನಿಂತುಹೋದ ಮಾತನ್ನು ಕಾನೂನು ಮತ್ತೆ ಶುರು ಮಾಡಿಸಲಾರದು. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಊಟದ ಕಥೆ ಬೇರೆ. ಡಬ್ಬಿಯ ಸ್ಪ್ಯಾಮ್ ಮಾಂಸ ಅಲ್ಲಿ ಮನೆಮಾತು. ಅದನ್ನೂ ನಿಂಬೆರಸ, ಮೆಣಸಿನಕಾಯಿ ಹಾಕಿ ತಮ್ಮ ಕೆಲಗುಯೆನ್ ಎಂಬ ಖಾದ್ಯ ಮಾಡಿಕೊಂಡಿದ್ದಾರೆ. ಹಬ್ಬದ ಕೆಂಪು ಅನ್ನಕ್ಕೆ ಬಣ್ಣ ಕೊಡುವ ಅಚೋಟೆ ಬೀಜವೂ ಅಮೆರಿಕ ಖಂಡದಿಂದ ಬಂದದ್ದೇ! ಇದನ್ನು ಸುಮ್ನೆ ನಷ್ಟ ಎನ್ನಲು ನನಗೆ ಮನಸ್ಸಿಲ್ಲ.

ನೆಲದ ವಿಷಯ ಮಾತ್ರ ಗಂಭೀರ. ದ್ವೀಪದ ಸುಮಾರು ಕಾಲು ಭಾಗಕ್ಕಿಂತ ಜಾಸ್ತಿ ಜಾಗ ಅಮೆರಿಕದ ಸೇನೆಯ ಬಳಿ ಇದೆ. ಈಗ ಗುವಾಮಿಗಿಂತ ಹೆಚ್ಚು ಚಮೊರೊ ಜನ ಅಮೆರಿಕದ ಮುಖ್ಯ ನೆಲದಲ್ಲಿದ್ದಾರೆ.

ಇನ್ನೂ ತಿಳಿಯಬೇಕೆಂದರೆ ನೃತ್ಯ ಬಿಟ್ಟು ಚೆಂಚುಲೆ ಬಗ್ಗೆ ಓದಿ. ಮದುವೆ, ಸಾವಿನ ಮನೆಗೆ ಹಣ, ಆಹಾರ, ದುಡಿಮೆ ಕೊಟ್ಟು ಆಮೇಲೆ ಹಿಂತಿರುಗಿಸುವ ಪದ್ಧತಿ ಅದು. ಇಂದಿಗೂ ನಡೆಯುತ್ತಿದೆ.