ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಮೋಟ್ ದೋಣಿಗೆ ಯಾವ ನೀರು ತಕ್ಕದ್ದು?

ರಿಮೋಟ್‌ನಿಂದ ಓಡುವ ಬ್ಯಾಟರಿ ದೋಣಿಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬಹುತೇಕ ಎಲ್ಲರೂ ಯಾವ ದೋಣಿ ಕೊಳ್ಳಬೇಕೆಂದು ಕೇಳಿದ್ದಾರೆ. ಅದನ್ನು ಬಿಡಲಿರುವ ನೀರನ್ನು ಮೊದಲು ನೋಡಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ನೀರಿನ ಉದ್ದಗಲ, ಆಳ, ದಡದ ಸ್ವರೂಪ, ಕಳೆ, ಗಾಳಿ ಇಷ್ಟು ತಿಳಿದರೆ ಎಂಥ ದೋಣಿ ಬೇಕೆಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಪ್ರಶ್ನೆ: ನಮ್ಮ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡವಿದೆ. ಒಂಬತ್ತು ವರ್ಷದ ಮಗ ರಿಮೋಟ್ ದೋಣಿ ಬೇಕೆಂದು ಹಟ ಹಿಡಿದಿದ್ದಾನೆ. ಹೊಂಡದಲ್ಲಿ ಆಡಿಸಬಹುದೇ? ಎಂಥ ದೋಣಿ ಕೊಡಿಸಲಿ?
— ರೈತ ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಮಗನ ಕೈಗೆ ರಿಮೋಟ್ ಕೊಟ್ಟು ಹೊಂಡದ ದಡದಲ್ಲಿ ದಯವಿಟ್ಟು ನಿಲ್ಲಿಸಬೇಡಿ. ಹೊಂಡದ ಹಾಳೆ ಒದ್ದೆಯಾದರೆ, ಅದರ ಮೇಲೆ ಪಾಚಿ ಕಟ್ಟಿದರೆ, ಕಾಲು ನಿಲ್ಲುವುದಿಲ್ಲ. ಇಳಿಜಾರೂ ಕಡಿದಾಗಿರುವುದರಿಂದ, ಈಜು ಬಲ್ಲ ದೊಡ್ಡವರು ಸಹ ಹಿಡಿದುಕೊಳ್ಳಲು ಏನೂ ಸಿಗದೆ ಮೇಲೇರಲಾರದೆ ಸೋಲುತ್ತಾರೆ. ಹೊಂಡಕ್ಕೆ ಜಾರಿದ ಮಕ್ಕಳೂ ಅವರನ್ನು ಎತ್ತಲು ಇಳಿದ ಹೆತ್ತವರೂ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಿಮ್ಮ ಭಾಗದಲ್ಲಿ ನೀವೂ ಕೇಳಿರುತ್ತೀರಿ. ಬ್ಯಾಟರಿ ಮುಗಿದೋ, ಪ್ರೊಪೆಲರ್‌ಗೆ ಕಸ ಸುತ್ತಿಕೊಂಡೋ, ದೋಣಿ ಒಂದಲ್ಲ ಒಂದು ದಿನ ನೀರಿನ ನಡುವೆ ನಿಂತೇ ನಿಲ್ಲುತ್ತದೆ. ಆಗ ಅದನ್ನು ತರಲು ಮಗು ಒಂದು ಹೆಜ್ಜೆ ಮುಂದಿಡುತ್ತದೆ. ಅಪಾಯವಿರುವುದು ಆ ಒಂದು ಹೆಜ್ಜೆಯಲ್ಲಿ.

ಹೊಂಡದ ಸುತ್ತ ತಂತಿ ಬೇಲಿ, ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಟ್ಟ ಗಂಟು ಹಗ್ಗ, ಕೈಗೆಟಕುವಂತೆ ಗಾಳಿ ತುಂಬಿದ ಒಂದು ಹಳೆಯ ಟ್ಯೂಬು, ಇವು ದೋಣಿಯ ಮಾತು ಬರುವ ಮೊದಲೇ ಅಲ್ಲಿರಬೇಕು. ಇವೆಲ್ಲ ಇದ್ದರೂ ರಿಮೋಟ್ ದೊಡ್ಡವರ ಕೈಯಲ್ಲಿರಲಿ. ಮಗ ಬೇಲಿಯ ಹೊರಗೆ ನಿಂತು ನೋಡಲಿ.

ಅವನೇ ಓಡಿಸಲು ನಿಮ್ಮ ಪಂಪ್‌ಸೆಟ್ಟಿನ ಬಳಿಯ ಸಿಮೆಂಟ್ ತೊಟ್ಟಿಗೆ ಮೊಣಕಾಲುದ್ದ ನೀರು ಬಿಟ್ಟರೆ ಸಾಕು. ಗಾಳಿ ತುಂಬುವ ಪ್ಲಾಸ್ಟಿಕ್ ಕೊಳವೂ ಆದೀತು. ಅಲ್ಲಿಯೂ ಜೊತೆಯಲ್ಲಿ ಒಬ್ಬರು ಕುಳಿತಿರಬೇಕು. ಆಟ ಮುಗಿದ ಮೇಲೆ, ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರಂತೂ ತಪ್ಪದೆ, ನೀರನ್ನು ಗಿಡಕ್ಕೆ ಬಿಟ್ಟುಬಿಡಿ. ಇಂಥ ತೊಟ್ಟಿಗೆ ಒಂದು ಗೇಣಿನಷ್ಟು ಉದ್ದದ, ನಿಧಾನವಾಗಿ ಓಡುವ ದೋಣಿ ಹೊಂದುತ್ತದೆ. ಅಂಗಡಿಯವರು ಗಂಟೆಗೆ 30 ಕಿಲೋಮೀಟರ್ ವೇಗವೆಂದು ಹೊಗಳುವ ದೋಣಿ ಸೆಕೆಂಡಿಗೆ 8 ಮೀಟರ್‌ಗಿಂತ ಹೆಚ್ಚು ಸಾಗುತ್ತದೆ. 4 ಮೀಟರ್ ಉದ್ದದ ತೊಟ್ಟಿಯಲ್ಲಿ ಅದನ್ನು ತಿರುಗಿಸಲು ಅರ್ಧ ಸೆಕೆಂಡೂ ಸಿಗುವುದಿಲ್ಲ. ಪ್ರೊಪೆಲರ್ ಸುತ್ತ ಬಲೆಯಂಥ ಕವಚವಿರುವುದನ್ನೂ, ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿರುವುದನ್ನೂ ನೋಡಿ ಕೊಳ್ಳಿರಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಈ ಗುರುತು 2021ರ ಜನವರಿ 1ರಿಂದ ಕಡ್ಡಾಯವಾಗಿದೆ, ವಿದ್ಯುತ್ ಆಟಿಕೆಗಳೂ ಅದರಲ್ಲಿ ಸೇರಿವೆ.

ಪ್ರಶ್ನೆ: ಹೊಸ ದೋಣಿಯನ್ನು ಕೈಯಲ್ಲಿ ಹಿಡಿದು ರಿಮೋಟ್ ಒತ್ತಿದರೆ ಮೋಟಾರು ತಿರುಗುವುದೇ ಇಲ್ಲ. ನಮ್ಮ ವಸತಿ ಸಮುಚ್ಚಯದ ಈಜುಕೊಳದಲ್ಲಿ ಬಿಟ್ಟರೆ ಓಡುತ್ತದೆ, ಆದರೆ ಕೆಲವೊಮ್ಮೆ ಆಚೆ ಬದಿಗೆ ಹೋಗುವಷ್ಟರಲ್ಲಿ ಮಾತು ಕೇಳುವುದಿಲ್ಲ. ದೋಣಿ ಕೆಟ್ಟಿದೆಯೇ?
— ಓದುಗರು, ತುಮಕೂರು

ಉತ್ತರ: ಮೊದಲನೆಯದು ದೋಷವಲ್ಲ, ರಕ್ಷಣೆಗಾಗಿ ಮಾಡಿದ ಏರ್ಪಾಡು. ದೋಣಿಯ ತಳದಲ್ಲಿ ಎರಡು ಪುಟ್ಟ ಲೋಹದ ಬಿಂದುಗಳು ಕಾಣುತ್ತವೆ. ಅವೆರಡರ ನಡುವೆ ನೀರು ಬಂದು ಸಣ್ಣ ವಿದ್ಯುತ್ ಹರಿದಾಗ ಮಾತ್ರ ಮೋಟಾರಿಗೆ ಚಾಲನೆ ಸಿಗುತ್ತದೆ. ಮಕ್ಕಳ ಬೆರಳು ತಿರುಗುವ ಪ್ರೊಪೆಲರ್‌ಗೆ ಸಿಕ್ಕದಿರಲೆಂದು ಹೀಗೆ ಮಾಡಿರುತ್ತಾರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಓಡಿಸಿ ಒಣಗಿಸಿದರೆ ಆ ಬಿಂದುಗಳ ಮೇಲೆ ಬಿಳಿಯ ಪೊರೆ ಕಟ್ಟಬಹುದು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರೆ ಹೋಗುತ್ತದೆ.

ಎರಡನೆಯದಕ್ಕೆ ಎರಡು ಕಾರಣಗಳಿರಬಹುದು. ಈಗಿನ ರಿಮೋಟ್‌ಗಳು ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಇಂಥ ಅಲೆಯನ್ನು ನೀರು ಬಲುಬೇಗ ಹೀರಿಕೊಳ್ಳುತ್ತದೆ. ಜೊತೆಗೆ ದೋಣಿ ನೀರಿಗೆ ಅಂಟಿಕೊಂಡಂತೆ ಸಾಗುವುದರಿಂದ, ನೇರವಾಗಿ ಬರುವ ಅಲೆಯನ್ನು ನೀರಿನ ಮೇಲ್ಮೈಯಿಂದ ಪುಟಿದು ಬರುವ ಅಲೆ ಬಹುಮಟ್ಟಿಗೆ ರದ್ದುಮಾಡುತ್ತದೆ. ಹಾಗಾಗಿ ಆಕಾಶದಲ್ಲಿ ಹಾರುವ ಆಟಿಕೆಗೆ ಸಿಗುವಷ್ಟು ದೂರ ದೋಣಿಗೆ ಸಿಗುವುದಿಲ್ಲ. ದೋಣಿಯೊಳಗಿನ ರಿಸೀವರಿನ ತಂತಿಯ ತುದಿಯ ಸುಮಾರು 3 ಸೆಂಟಿಮೀಟರ್ ಭಾಗವೇ ಆಂಟೆನಾ. ಅದು ಮಡಚಿಕೊಂಡು ತಳದ ತೇವದಲ್ಲಿ ಬಿದ್ದಿದ್ದರೆ, ಮೇಲ್ಮುಚ್ಚಳದ ಒಳಬದಿಗೆ ನೆಟ್ಟಗೆ ಅಂಟಿಸಿ. ಅಷ್ಟು ಮಾಡಿದ ಮೇಲೂ, ಓಡಿಸಿದ ಐದಾರು ನಿಮಿಷಗಳ ನಂತರ ಮಾತ್ರ ದೋಣಿ ಸೋಮಾರಿಯಾಗುತ್ತದೆ ಎಂದಾದರೆ ಅದು ರೇಡಿಯೊ ತೊಂದರೆಯಲ್ಲ, ಬ್ಯಾಟರಿ ಇಳಿದಿದೆ. 1500 ಮಿಲಿ ಆಂಪಿಯರ್ ಅವರ್ ಬ್ಯಾಟರಿಯಿಂದ ಮೋಟಾರು ಸರಾಸರಿ 10 ಆಂಪಿಯರ್ ಎಳೆದರೆ ಒಟ್ಟು ಸಿಗುವುದೇ 9 ನಿಮಿಷ. ವೇಗ ತಗ್ಗಿದ ಕೂಡಲೇ ದೋಣಿಯನ್ನು ದಡಕ್ಕೆ ತನ್ನಿ.

ಕೊಳದಲ್ಲಿ ಒಬ್ಬರಾದರೂ ಈಜುತ್ತಿದ್ದರೆ ದೋಣಿ ಇಳಿಸಬಾರದು. ಆಟವಾದ ಮೇಲೆ ಕ್ಲೋರಿನ್ ಬೆರೆತ ನೀರು ಹೋಗುವಂತೆ ಸಾದಾ ನೀರಿನಲ್ಲಿ ತೊಳೆದು, ಮುಚ್ಚಳ ತೆರೆದು ನೆರಳಿನಲ್ಲಿ ಒಣಗಿಸಿ.

ಪ್ರಶ್ನೆ: ಇಂಥ ದೋಣಿಗೆ ಲೈಸೆನ್ಸ್ ಬೇಕೇ? ಕೆರೆಯಲ್ಲಿ ಬಿಡಲು ಯಾರನ್ನಾದರೂ ಕೇಳಬೇಕೇ?
— ಓದುಗರು, ಗೌರಿಬಿದನೂರು

ಉತ್ತರ: ಕಡಿಮೆ ಶಕ್ತಿಯ 2.4 ಗಿಗಾಹರ್ಟ್ಸ್ ಸಾಧನಗಳ ಬಳಕೆಗೆ ಕೇಂದ್ರ ಸರ್ಕಾರ 2005ರಲ್ಲಿಯೇ ಲೈಸೆನ್ಸ್‌ನಿಂದ ವಿನಾಯಿತಿ ಕೊಟ್ಟಿದೆ. ಕೆರೆಯ ಮಾತು ಬೇರೆ. ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ, ನೀರಿನಲ್ಲಿ ಬಲೆ ಬಿಟ್ಟಿರುತ್ತಾರೆ. ಗ್ರಾಮ ಪಂಚಾಯಿತಿಯವರನ್ನೂ ಮೀನುಗಾರರನ್ನೂ ಕೇಳಿಯೇ ಇಳಿಸಿ. ಹರಿದ ಬಲೆಯ ನಷ್ಟ ಅವರ ದುಡಿಮೆಯ ನಷ್ಟ.

ಪ್ರಶ್ನೆ: ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಬಂದಿದೆ. ಅದರಲ್ಲಿ ನನ್ನ 11.1 ವೋಲ್ಟಿನ ವೇಗದ ದೋಣಿ ಬಿಟ್ಟಾಗ ಪ್ರೊಪೆಲರ್‌ಗೆ ಕಳೆ ಸುತ್ತಿಕೊಂಡು ಸುಟ್ಟ ವಾಸನೆ ಬಂತು. ಗಾಳಿಗೆ ತೇಲಿ ದಡ ಸೇರಿತಾದರೂ ಬ್ಯಾಟರಿ ಉಬ್ಬಿದೆ. ಚಾರ್ಜ್ ಮಾಡಿದರೆ ಸರಿಹೋದೀತೇ?
— ವಿದ್ಯಾರ್ಥಿ, ಕೋಲಾರ ತಾಲ್ಲೂಕು

ಉತ್ತರ: ಉಬ್ಬಿದ ಬ್ಯಾಟರಿಯನ್ನು ಇನ್ನೊಮ್ಮೆ ಚಾರ್ಜ್ ಮಾಡಬೇಡಿ, ಗಾಳಿ ತೆಗೆಯಲೆಂದು ಸೂಜಿಯಿಂದ ಚುಚ್ಚಲೂ ಬೇಡಿ. ಒಳಗಿನ ದ್ರಾವಣ ಒಡೆದು ಅನಿಲವಾಗಿರುವುದರಿಂದಲೇ ಅದು ಉಬ್ಬಿದೆ. ಅದು ಹೊತ್ತಿಕೊಂಡರೆ ಒಂದು ಕೊಠಡಿಗೇ ಬೆಂಕಿ ಬೀಳಬಹುದು. ಒಣ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿಟ್ಟು ಮನೆಯ ಹೊರಗೆ, ಹುಲ್ಲು ಸೌದೆಗಳಿಂದ ದೂರ ಇಡಿ. ಬಳಿಕ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಕಸದ ಗಾಡಿಗೆ ಮಾತ್ರ ಹಾಕಬಾರದು, ಅಲ್ಲಿ ಅದು ಜಜ್ಜಿಹೋಗಿ ಬೆಂಕಿ ಹತ್ತುತ್ತದೆ.

ಇದು ಏಕಾಯಿತು ಎಂಬುದನ್ನು ತಿಳಿದುಕೊಂಡರೆ ಮುಂದಿನ ಬ್ಯಾಟರಿ ಉಳಿಯುತ್ತದೆ. ಮೋಟಾರು ತಿರುಗುತ್ತಿರುವಾಗ ಅದೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿ, ಬ್ಯಾಟರಿಯಿಂದ ಬರುವ ವಿದ್ಯುತ್ತಿಗೆ ಕಡಿವಾಣ ಹಾಕಿಕೊಂಡಿರುತ್ತದೆ. ಕಳೆ ಸುತ್ತಿ ಪ್ರೊಪೆಲರ್ ನಿಂತ ಕ್ಷಣ ಆ ಎದುರು ವೋಲ್ಟೇಜ್ ಇಲ್ಲವಾಗಿ, ಎಂದಿನದಕ್ಕಿಂತ ಹಲವು ಪಟ್ಟು ವಿದ್ಯುತ್ ಹರಿಯುತ್ತದೆ. ವೇಗ ನಿಯಂತ್ರಕ, ಮೋಟಾರಿನ ಸುರುಳಿ, ಬ್ಯಾಟರಿ ಮೂರೂ ಒಟ್ಟಿಗೆ ಕಾಯುತ್ತವೆ. ದೋಣಿ ಮುಗ್ಗರಿಸಿದ್ದು ಕಂಡ ಕೂಡಲೇ ಬೆರಳು ತೆಗೆಯಬೇಕು. ಇನ್ನಷ್ಟು ಒತ್ತಿದರೆ ಕಳೆ ಹರಿದೀತೆಂದು ಯತ್ನಿಸುವುದರಲ್ಲೇ ಹೆಚ್ಚಿನ ಮೋಟಾರುಗಳು ಸುಡುತ್ತವೆ. ಹಿಂದಕ್ಕೆ ಓಡುವ ಸೌಲಭ್ಯವಿದ್ದರೆ ಒಂದು ಕ್ಷಣ ಹಿಂದಕ್ಕೆ ತಿರುಗಿಸಿ ನೋಡಬಹುದು.

ನಿಮ್ಮ ಬ್ಯಾಟರಿಯಲ್ಲಿ ಮೂರು ಲಿಥಿಯಂ ಕೋಶಗಳಿವೆ. ಒಂದೊಂದೂ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗಿಳಿದರೆ ಶಾಶ್ವತವಾಗಿ ಕೆಡುತ್ತದೆ. 3.5 ವೋಲ್ಟಿನ ಆಸುಪಾಸಿನಲ್ಲಿ ಆಟ ನಿಲ್ಲಿಸಿ. ಬಿಸಿ ಆರಿದ ಮೇಲೆ, ಮೂರೂ ಕೋಶಗಳನ್ನು ಸಮನಾಗಿ ತುಂಬುವ ಚಾರ್ಜರಿನಿಂದ, ಬರಿಯ ಕಡಪ ಕಲ್ಲಿನ ಮೇಲೋ ಸಿಮೆಂಟ್ ನೆಲದ ಮೇಲೋ ಇಟ್ಟು, ನೀವು ಎಚ್ಚರವಿರುವ ಹೊತ್ತಿನಲ್ಲಿಯೇ ಚಾರ್ಜ್ ಮಾಡಿ. ವಾರಗಟ್ಟಲೆ ಬಳಸದಿದ್ದರೆ ಪೂರ್ತಿ ತುಂಬಿಸಿಯೂ ಪೂರ್ತಿ ಖಾಲಿಯಾಗಿಯೂ ಇಡಬೇಡಿ, ಕೋಶವೊಂದಕ್ಕೆ 3.8 ವೋಲ್ಟ್ ಇರಲಿ. ಬೇಸಿಗೆಯಲ್ಲಿ ಬೈಕಿನ ಡಿಕ್ಕಿಯೊಳಗೆ ಬ್ಯಾಟರಿ ಬಿಟ್ಟುಹೋಗುವ ಅಭ್ಯಾಸವೂ ಒಳ್ಳೆಯದಲ್ಲ.

ಕೆರೆಯ ಬಗ್ಗೆ ಇನ್ನೂ ಒಂದೆರಡು ಮಾತು ಹೇಳಲೇಬೇಕು. 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನಲ್ಲಿ ಎರಡನೆಯ ಹಂತದವರೆಗೆ ಶುದ್ಧೀಕರಿಸಿದ ಕೊಳಚೆ ನೀರು. ಇಂಥ ನೀರಿನಲ್ಲಿ ಸಾರಜನಕ, ರಂಜಕಗಳ ಅಂಶ ಉಳಿಯುವುದರಿಂದ ಪಾಚಿಯೂ ಕಳೆಯೂ ಸೊಂಪಾಗಿ ಬೆಳೆಯುತ್ತವೆ. ವೇಗದ ದೋಣಿಗೆ ಇದು ತಕ್ಕ ಜಾಗವಲ್ಲ. ಕಳೆಯಿಲ್ಲದ, ತೆರೆದ ನೀರು ಕಂಡರೆ ಮಾತ್ರ ಬಿಡಿ. ದೋಣಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ. ನಿಲ್ಲುವ ಜಾಗವನ್ನು ಗಾಳಿ ನೋಡಿ ಆರಿಸಿಕೊಳ್ಳಿ. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಬಯಲುಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಮೂಡಣ ದಡದಲ್ಲಿ ನಿಂತರೆ ಕೆಟ್ಟುನಿಂತ ದೋಣಿ ತಾನಾಗಿ ನಿಮ್ಮ ಕಡೆಗೆ ತೇಲಿ ಬರುತ್ತದೆ. ಅಷ್ಟು ಹೊತ್ತು ಕಾಯಲಾಗದಿದ್ದರೆ ಗಾಳದ ದಾರಕ್ಕೆ ಟೆನಿಸ್ ಚೆಂಡು ಕಟ್ಟಿ, ದೋಣಿಯ ಆಚೆಗೆ ಬೀಳುವಂತೆ ಎಸೆದು, ಮೆಲ್ಲಗೆ ಎಳೆದುಕೊಳ್ಳಿ. ನೀವು ಎಷ್ಟೇ ಚೆನ್ನಾಗಿ ಈಜುವವರಾದರೂ ಅದಕ್ಕಾಗಿ ನೀರಿಗಿಳಿಯಬೇಡಿ. ತೂಬಿನ ಬಳಿ ಸೆಳೆತವಿರುತ್ತದೆ, ಬರಗಾಲದಲ್ಲಿ ಮಣ್ಣು ತೆಗೆದ ಗುಂಡಿಗಳು ಈಗ ನೀರಿನಡಿ ಅಡಗಿವೆ, ಕಳೆಯ ಬೇರು ಕಾಲಿಗೆ ಸುತ್ತಿಕೊಳ್ಳುತ್ತದೆ. ದೋಣಿ ಹೋದರೆ ಹೋಗಲಿ.

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಂದ ಇಂಥ ದೋಣಿಯೊಂದನ್ನು ಮಾಡಿಸಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
— ವಿಜ್ಞಾನ ಶಿಕ್ಷಕಿ, ಶಿರಾ

ಉತ್ತರ: ತಮ್ಮ ಪತ್ರ ನಮಗೆ ಬಹಳ ಸಂತೋಷ ಕೊಟ್ಟಿತು. ರೇಡಿಯೊದಿಂದ ನಡೆಸುವ ದೋಣಿಯನ್ನು ನಿಕೊಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ಜನರ ಮುಂದೆ ಓಡಿಸಿ ತೋರಿಸಿದರು. ಅದೇ ವರ್ಷದ ನವೆಂಬರ್ 8ರಂದು ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ರೇಡಿಯೊ ಪ್ರಸಾರವೇ ಇಲ್ಲದಿದ್ದ ಕಾಲದಲ್ಲಿ ಮಾಡಿದ ಕೆಲಸವೆಂದು ಮಕ್ಕಳಿಗೆ ಹೇಳಿ, ಅವರಿಗೆ ಹುಮ್ಮಸ್ಸು ಬರುತ್ತದೆ.

ಆರಂಭವನ್ನು ಆರ್ಕಿಮಿಡೀಸನ ತತ್ತ್ವದಿಂದಲೇ ಮಾಡಿ. 30 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಆಯತಾಕಾರದ ಪೆಟ್ಟಿಗೆ 3 ಸೆಂಟಿಮೀಟರ್ ಮುಳುಗಿದರೆ 900 ಗ್ರಾಂ ನೀರನ್ನು ಸರಿಸುತ್ತದೆ. ಅಂದರೆ ಎಲ್ಲ ಸೇರಿ 900 ಗ್ರಾಂ ಹೊರುತ್ತದೆ. ಮೂತಿ ಚೂಪಾದಷ್ಟೂ ಈ ಲೆಕ್ಕ ತಗ್ಗುತ್ತದೆ. ಎಷ್ಟು ತಗ್ಗುತ್ತದೆಂದು ಮಕ್ಕಳೇ ತೂಕದ ಬಟ್ಟುಗಳನ್ನಿಟ್ಟು ಕಂಡುಕೊಳ್ಳಲಿ. ದಪ್ಪ ಥರ್ಮಾಕೋಲು ಒಡಲಿಗೆ ಸಾಕು. ಚುಕ್ಕಾಣಿ ಕೂರಿಸುವುದು ಎಳೆಯ ಕೈಗಳಿಗೆ ಕಷ್ಟ, ಆದ್ದರಿಂದ ಆಟಿಕೆಯ ಎರಡು ಸಣ್ಣ ಮೋಟಾರುಗಳನ್ನು ಎಡಕ್ಕೊಂದು ಬಲಕ್ಕೊಂದು ಇಡಿ: ಎಡದ್ದು ಮಾತ್ರ ಮುಂದಕ್ಕೆ ತಳ್ಳಿದರೆ ದೋಣಿ ಬಲಕ್ಕೆ, ಬಲದ್ದು ಮಾತ್ರ ತಳ್ಳಿದರೆ ಎಡಕ್ಕೆ ತಿರುಗುತ್ತದೆ. ಸೈಕಲ್ ಕಡ್ಡಿಯೇ ದಂಡವಾಗಬಹುದು; ಅದು ಸಡಿಲವಾಗಿ ತಿರುಗುವಂಥ ಹಿತ್ತಾಳೆ ಕೊಳವೆಯನ್ನು ಓರೆಯಾಗಿ ಕೂರಿಸಿ, ಒಳಗೆ ಗ್ರೀಸು ತುಂಬಿ. ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ನೋಡಿಕೊಳ್ಳಿ. ಹಾಗಿದ್ದರೆ ಗ್ರೀಸು ಕರಗಿದರೂ ನೀರು ಒಡಲೊಳಗೆ ತುಂಬುವುದಿಲ್ಲ.

ಶಾಲೆಯ ಕೆಲಸಕ್ಕೆ ಲಿಥಿಯಂ ಬ್ಯಾಟರಿ ಬೇಡ, 1.2 ವೋಲ್ಟಿನ, ಮರುಚಾರ್ಜ್ ಮಾಡಬಲ್ಲ ನಿಕೆಲ್ ಸೆಲ್ಲುಗಳು ಸಾಕು. ಮೊದಲು ರೇಡಿಯೊ ಇಲ್ಲದೆ, ಉದ್ದನೆಯ ತಂತಿಯ ತುದಿಯಲ್ಲಿ ಎರಡು ಸ್ವಿಚ್ಚು ಹಾಕಿ, ದೊಡ್ಡ ಟಬ್ಬಿನಲ್ಲಿ ಓಡಿಸಿ; ಒಡಲು ಸೋರದೆ, ವಾಲದೆ, ನೇರ ಸಾಗುವವರೆಗೆ ಅದನ್ನೇ ತಿದ್ದಲಿ. ಆಮೇಲೆ ಕೆಟ್ಟ ಆಟಿಕೆ ಕಾರಿನಿಂದ ರಿಮೋಟನ್ನೂ ಅದರ ರಿಸೀವರ್ ಹಲಗೆಯನ್ನೂ ತೆಗೆದು ಜೋಡಿಸಬಹುದು. ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಬೇರೆ ಬೇರೆ ಮೋಟಾರು ಇದ್ದ ಕಾರನ್ನೇ ಹುಡುಕಿ. ಅದರ ಹಲಗೆಯನ್ನು ಏನೂ ಬದಲಿಸದೆ ನಿಮ್ಮ ಎರಡು ಮೋಟಾರುಗಳಿಗೆ ಕೊಡಬಹುದು. ಹಳೆಯ ಮೋಟಾರಿನಷ್ಟೇ ವೋಲ್ಟಿನ ಮೋಟಾರು ಬಳಸಿ, ಹಲಗೆಯನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ತಂತಿ ಹೊರಬರುವ ತೂತಿಗೆ ಸಿಲಿಕೋನ್ ಅಂಟು ಹಚ್ಚಿ ಒಂದು ದಿನ ಒಣಗಲು ಬಿಡಿ.