ಅಜ್ಜನ ಕಾಲದ .32 ಪಿಸ್ತೂಲ್, ಮಲೆನಾಡಿನ ಮಳೆ: ಯಾವ ಎಣ್ಣೆ ಹಾಕಬೇಕು?

ಸಕಲೇಶಪುರದ ತೋಟದ ಮನೆ, ಅಜ್ಜನ ಪಿಸ್ತೂಲ್, ಜೊತೆಗೆ ಬಂದ ಚರ್ಮದ ಹೋಲ್‌ಸ್ಟರ್ (ಪಿಸ್ತೂಲ್ ಇಡುವ ಚೀಲ), ಮಳೆಗಾಲಕ್ಕೆ ಯಾವ ಎಣ್ಣೆ ಒಳ್ಳೆಯದು ಅಂತ ಕೇಳಿದ್ದೀರಿ. ಎಣ್ಣೆ ಆಮೇಲಿನ ಮಾತು. ಮೊದಲು ಅದನ್ನು ಆ ಹೋಲ್‌ಸ್ಟರ್‌ನಿಂದ ಹೊರಗೆ ತೆಗೆಯಿರಿ.

ನಮ್ಮದು ಮೂಡಿಗೆರೆ ಕಡೆ. ಮನೆಯಲ್ಲಿದ್ದದ್ದು ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಯ 1910ರ ಮಾದರಿ, ಬ್ರೌನಿಂಗ್ ವಿನ್ಯಾಸದ್ದು, .32 ಬೋರ್, ಮ್ಯಾಗಜಿನ್‌ಗೆ (ಗುಂಡು ತುಂಬುವ ಡಬ್ಬಿಗೆ) 7 ಗುಂಡು. ಅಪ್ಪಯ್ಯನಿಗೆ 70 ತುಂಬಿದ ಮೇಲೆ ವಾರಸುದಾರನ ಲೆಕ್ಕದಲ್ಲಿ ಲೈಸೆನ್ಸ್ ನನ್ನ ಹೆಸರಿಗೆ ಆಯಿತು. ಆಗ ಅದರ ಮೈಮೇಲೆ ಒಂದು ಕಲೆ ಇರಲಿಲ್ಲ, ಕಪ್ಪು ನೀಲಿ ಹೊಳಪು ಹಾಗೇ ಇತ್ತು. ಅಪ್ಪಯ್ಯ ಅದನ್ನು ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು. ಹೋಲ್‌ಸ್ಟರ್ ಬೇರೆ ಕಡೆ ಗೂಟಕ್ಕೆ ನೇತಾಡುತ್ತಿತ್ತು. ಯಾಕೆ ಅಂತ ನಾನು ಕೇಳಲೇ ಇಲ್ಲ.

2019ರ ಲೋಕಸಭೆ ಚುನಾವಣೆಗೆ ಕೋವಿ, ಪಿಸ್ತೂಲ್ ಎರಡನ್ನೂ ಎಲ್ಲರ ಹಾಗೆ ಠಾಣೆಗೆ ಒಪ್ಪಿಸಿದ್ದೆ. ಎಣಿಕೆ ಮುಗಿದ ಮೇಲೆ ಜೂನ್‌ನಲ್ಲಿ ವಾಪಸ್ ತಂದೆ. ತಂದವನು ಹೊರಮೈಗೆ ಚೆನ್ನಾಗಿ ಎಣ್ಣೆ ಹಚ್ಚಿ, ಹೋಲ್‌ಸ್ಟರ್‌ನಲ್ಲಿ ಹಾಕಿ, ಗುಂಡಿ ಬಿಗಿದು ಬೀರುವಿಗೆ ಸೇರಿಸಿ ಬೀಗ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಆ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳೇ ಜಾರಿದ ಮಳೆ ಗೊತ್ತಲ್ಲ, ಕರೆಂಟಿಲ್ಲ, ರಸ್ತೆಯಿಲ್ಲ, ಪಿಸ್ತೂಲ್ ಯಾರಿಗೆ ನೆನಪಿರುತ್ತದೆ? ದೀಪಾವಳಿಗೆ ತೆಗೆದರೆ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಒಂದು ಪಕ್ಕ ಪೂರ್ತಿ ಕೆಂಪಗಾಗಿತ್ತು. ಚರ್ಮದ ಹೊಲಿಗೆ ತಾಗಿದ ಜಾಗದಲ್ಲಿ ಹೊಲಿಗೆಯ ಗೆರೆಯೇ ಕಬ್ಬಿಣದಲ್ಲಿ ಕೊರೆದು ಕೂತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಚರ್ಮ ಗಾಳಿಯಲ್ಲಿರುವ ತೇವ ಹೀರುತ್ತದೆ, ಹೀರಿದ್ದನ್ನು ಬೇಗ ಬಿಡುವುದಿಲ್ಲ. ಚರ್ಮ ಹದ ಮಾಡುವಾಗ ಬಳಸಿದ ಆಮ್ಲ, ಉಪ್ಪು ಅದರೊಳಗೆ ಉಳಿದಿರುತ್ತವೆ. ಇನ್ನು ನೀವು ಹಚ್ಚಿದ ಎಣ್ಣೆಯನ್ನೂ ಅದೇ ಚರ್ಮ ಕುಡಿದುಬಿಡುತ್ತದೆ. ಅಂದರೆ ಎಣ್ಣೆ ಹೋಗಿ, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ ತಿಂಗಳುಗಟ್ಟಲೆ ಇರುತ್ತದೆ. ಎಷ್ಟು ದುಬಾರಿ ಎಣ್ಣೆ ತಂದರೂ ಇಷ್ಟೇ. ಜೊತೆಗೆ ಈ ಮಾದರಿಯಲ್ಲಿ ಸ್ಪ್ರಿಂಗ್ ಬ್ಯಾರಲ್ಲಿನ (ನಳಿಗೆಯ) ಸುತ್ತಲೇ ಇರುತ್ತದೆ. ಅಲ್ಲಿ ಕೂತ ತೇವ ಹೊರಗಿನಿಂದ ಕಾಣಿಸುವುದೇ ಇಲ್ಲ. ನನ್ನದರಲ್ಲಿ ಒಳಗೂ ತುಕ್ಕು ಹತ್ತಿತ್ತು, ಮರದ ಹಿಡಿಯ ಕೆಳಗೂ ಹತ್ತಿತ್ತು.

ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ದೆ. ತುಕ್ಕು ತೆಗೆದುಕೊಟ್ಟರು, ಕುಳಿ ಹಾಗೇ ಉಳಿಯಿತು. ಹೊರದೇಶದ ಪಿಸ್ತೂಲ್ ಅಂಗಡಿಗಳಿಗೆ ಬರುವುದು ಎಂಬತ್ತರ ದಶಕದಲ್ಲೇ ನಿಂತಿದೆ, ಬಿಡಿಭಾಗ ಎಲ್ಲಿಂದ ತರುವುದು?

ಈಗ ಹೀಗೆ ಮಾಡುತ್ತೇನೆ. ಹೊಲಿಗೆ ಮೆಷಿನ್ ಎಣ್ಣೆಯಂಥ ತೆಳು ಎಣ್ಣೆ, ಅದೂ ತೆಳುವಾಗಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಕೆಲವು ತಿಂಗಳಿಗೆ ಅಂಟಾಗುತ್ತದೆ. ಮುಚ್ಚಳ ಬಿಗಿಯುವ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಡಬ್ಬಿ ಬೀಗ ಇರುವ ಬೀರುವಿನಲ್ಲಿ. ಜೂನ್‌ನಿಂದ ಅಕ್ಟೋಬರ್ ತನಕ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಒರೆಸುತ್ತೇನೆ. ಬರಿಗೈ ಬೆವರೂ ತುಕ್ಕು ತರುತ್ತದೆ, ಹಾಗಾಗಿ ಮುಟ್ಟಿದ ಮೇಲೆ ಒರೆಸದೆ ಇಡುವುದಿಲ್ಲ.

ತೋಟದಲ್ಲಿ ಆನೆ ಬಂದರೆ ಇರಲಿ ಅಂತಲೂ ಬರೆದಿದ್ದೀರಿ. ಆ ಯೋಚನೆ ಬಿಡಿ. .32 ಗುಂಡಿಗೆ ಆನೆ ನಿಲ್ಲುವುದಿಲ್ಲ, ಗಾಯ ಆದ ಆನೆ ಪಕ್ಕದಲ್ಲಿ ಕೂಲಿಯವರಿರುವ ಲೈನ್ ಮನೆಗಳ ಕಡೆ ನುಗ್ಗುತ್ತದೆ, ಕೇಸು ಬೇರೆ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಪಿಸ್ತೂಲನ್ನು ಅಜ್ಜನ ನೆನಪಿಗೆ ಅಂತ ಇಟ್ಟುಕೊಳ್ಳಿ.

ಲೈಸೆನ್ಸ್ ಇನ್ನೂ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ ಅದನ್ನು ಮುಟ್ಟುವ ಮೊದಲು ಠಾಣೆಯಲ್ಲಿ ಮಾತಾಡಿ. ಆಗಿದ್ದರೆ ಇವತ್ತೇ ತೆಗೆದು ನೋಡಿ. ಮೂತಿ ಯಾರ ಕಡೆಗೂ ತಿರುಗದ ಹಾಗೆ ಹಿಡಿದು, ಮೊದಲು ಮ್ಯಾಗಜಿನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆದು ಚೇಂಬರ್ (ಬ್ಯಾರಲ್ಲಿನ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ. ಈ ಕ್ರಮ ತಪ್ಪಬಾರದು, ಮ್ಯಾಗಜಿನ್ ತೆಗೆದರೂ ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು.